ಮೇಲ್ಮನೆಯ ಟಿವಿಯಲ್ಲಿ ಕೆಳಮನೆಯ ಸನ್ಮಾನ

ನಾನು ಹರಿಹರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ಮಹಡಿಯ ಮೇಲೆ ನಾನು, ನನ್ನ ಹೆಂಡತಿ ಬಾಡಿಗೆಗಿದ್ದೇವೆ, ಕೆಳಗೆ ಮಾಲೀಕರಿದ್ದಾರೆ. ಮಾಲೀಕರು ಮೂವತ್ತು ವರ್ಷ ಕಿರಾಣಿಯ ಸಗಟು ವ್ಯಾಪಾರ ಮಾಡಿ, ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ಈಗ ಊರಿನ ಹಿತ ಚಿಂತಿಸುವ ಕೆಲಸಕ್ಕೆ ಇಳಿದವರು. ಓಣಿಯವರೆಲ್ಲ ಅವರನ್ನು ಸಾಹುಕಾರ್ರು ಅನ್ನುತ್ತಾರೆ, ಅವರ ಹೆಂಡತಿಯನ್ನು ಅಮ್ಮಾರು ಅನ್ನುತ್ತಾರೆ. ನಾವೂ ಹಾಗೇ ಅನ್ನುತ್ತೇವೆ.

ನಮ್ಮ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕರಿಗೆ ಮದುವೆ ನಿಶ್ಚಯವಾಯಿತು. ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ಮೊದಲು ಹೊರಗೆ ಸಾಗಿಸಬೇಕಾದ ಸಾಮಾನುಗಳಲ್ಲಿ ಒಂದು ಗೇಮ್ ಕನ್ಸೋಲ್ ಇತ್ತು. ಅದನ್ನು ನಾನು ಕೊಂಡುಕೊಂಡೆ. ನಲವತ್ತಾರರ ಕನ್ನಡ ಮೇಷ್ಟ್ರು ಟಿವಿ ಮುಂದೆ ಕೂತು ಕಾರು ಓಡಿಸುವುದು ಶೋಭೆಯಲ್ಲ ಎಂದು ಗೊತ್ತಿದ್ದರಿಂದ, ಹರಿಹರದಿಂದ ಬಸ್ಸಿನಲ್ಲಿ ಬರುವಾಗಲೇ ಒಂದು ಕಾರಣ ಸಿದ್ಧಮಾಡಿಕೊಂಡಿದ್ದೆ.

"ಇದು ಆಟಕ್ಕಲ್ಲ," ಅಂದೆ ಹೆಂಡತಿಗೆ. "ನಮ್ಮದು ಹಳೇ ಟಿವಿ ಅಲ್ಲೇನು. ಇದನ್ನ ಜೋಡಿಸಿದ್ರೆ ಕಂಪ್ಯೂಟರ್‌ನಾಗೆ ಇರೋದನ್ನೆಲ್ಲ ಟಿವಿನಾಗೆ ನೋಡಬೋದು. ವೈರೂ ಬ್ಯಾಡ, ಪೆನ್‌ಡ್ರೈವೂ ಬ್ಯಾಡ."

"ಮತ್ತೆ ಹಿಡ್ಕಂಡು ಆಡೋದು ಎರಡು ಯಾಕ?"

"ಒಂದು ಕೆಟ್ರೆ ಇನ್ನೊಂದು."

ಅವಳು ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮಧ್ಯಾಹ್ನದವರೆಗೆ ಜನರ ಸಕ್ಕರೆ, ಉಪ್ಪು ನೋಡಿ ನೋಡಿ ಸುಳ್ಳನ್ನೂ ಬಣ್ಣದಲ್ಲೇ ಗುರುತಿಸುತ್ತಾಳೆ. "ಕಂಪ್ಯೂಟರ್‌ನಾಗೆ ನೋಡೋ ಅಂಥದ್ದು ಏನೈತೆ?" ಅಂದಳು. ಅದು ನ್ಯಾಯವಾದ ಪ್ರಶ್ನೆ. ನಮ್ಮ ಮದುವೆಯ ವಿಡಿಯೋ ಇತ್ತು. ಕಾಲೇಜು ಮುಚ್ಚಿದ್ದ ಕಾಲದಲ್ಲಿ ನಾನು ಖಾಲಿ ಗೋಡೆಗೆ ಮಾಡಿದ ಪಾಠಗಳಿದ್ದವು. ಮಳೆಗಾಲದಲ್ಲಿ ಅಡುಗೆಮನೆಯ ಗೋಡೆ ಸೋರುತ್ತದೆಂದರೆ ಸಾಹುಕಾರ್ರು ನಂಬದ್ದರಿಂದ ಸಾಕ್ಷಿಯೆಂದು ತೆಗೆದಿಟ್ಟ ಒಂದಿಷ್ಟು ತುಣುಕುಗಳಿದ್ದವು. ಅಷ್ಟೇ.

ಎರಡೂ ಮನೆಗೆ ಇಂಟರ್ನೆಟ್ ಒಂದೇ. ಅದು ಸಾಹುಕಾರ್ರ ತೀರ್ಮಾನ. "ಗಾಳಿನಾಗೆ ಬರೋದಕ್ಕೆ ಎರಡು ಪೆಟ್ಟಿಗೆ ಯಾಕ ಬೇಕು?" ಅಂದಿದ್ದರು. ಹಾಗಾಗಿ ವೈಫೈ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ, ಇಬ್ಬರಿಗೂ ಸೇರಿದ ಜಾಗದಲ್ಲಿ ನೇತಾಡುತ್ತಿತ್ತು. ಒಂದೇ ಪೆಟ್ಟಿಗೆಯ ಕೆಳಗಿರುವ ಕಂಪ್ಯೂಟರುಗಳು, ಟಿವಿಗಳು ಒಂದನ್ನೊಂದು ಕಾಣಬಲ್ಲವು. ಕಂಪ್ಯೂಟರಿನಲ್ಲಿ ಹಂಚಿಕೊಳ್ಳಲು ಒಪ್ಪಿಗೆ ಒತ್ತಿರಬೇಕು ಅಷ್ಟೇ. ಈ ವಿಷಯದಲ್ಲಿ ನನಗೆ ಬೇಕಾದ ಅರ್ಧವನ್ನು ಮಾತ್ರ ನಾನು ಓದಿಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ನಮ್ಮ ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತಿ ಕನ್ಸೋಲ್ ಚಾಲೂ ಮಾಡಿದೆ. ಪಟ್ಟಿಯಲ್ಲಿ ಒಂದು ಹೆಸರು ಬರಬೇಕಿತ್ತು, ಎರಡು ಬಂದವು. ಒಂದು ನಮ್ಮದು. ಇನ್ನೊಂದರ ಹೆಸರು 'ಅಡ್ಮಿನ್'. ನಮ್ಮದಕ್ಕೇ ಇನ್ನೊಂದು ಹೆಸರಿರಬೇಕು ಅಂದುಕೊಂಡು ತೆರೆದೆ. ಒಳಗೆ 'ಸನ್ಮಾನ' ಎಂಬ ಫೋಲ್ಡರ್, ಅದರಲ್ಲಿ ಒಂದರಿಂದ ಹತ್ತೊಂಬತ್ತರವರೆಗೆ ಅಂಕಿ ಹಾಕಿದ ವಿಡಿಯೋಗಳು. ಒಂದನ್ನು ಒತ್ತಿದೆ.

ಸಾಹುಕಾರ್ರು ತಮ್ಮ ಮಲಗುವ ಕೋಣೆಯ ಬೀರುವಿನ ಮುಂದೆ ನಿಂತಿದ್ದರು. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಪಕ್ಕದ ಸ್ಟೂಲಿನ ಮೇಲೆ ಹಣ್ಣಿನ ಬುಟ್ಟಿ. ಫೋನ್ ಹಿಡಿದವರು ಅಮ್ಮಾರು ಎಂದು ದನಿಯಿಂದ ಗೊತ್ತಾಯಿತು. "ಈಗ ಸನ್ಮಾನಿತರು ಎರಡು ಮಾತಾಡ್ತಾರೆ," ಅಂದರು. ಸಾಹುಕಾರ್ರು ಕೈ ಮುಗಿದರು. "ನಾನು ಇಂಥ ಸನ್ಮಾನಗಳಿಂದ ಸದಾ ದೂರ ಇದ್ದವನು," ಎಂದು ಶುರುಮಾಡುವಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಅಮ್ಮಾರು ಫೋನನ್ನು ಎಲ್ಲೋ ಒರಗಿಸಿ ಒಲೆ ಆರಿಸಲು ಹೋದರು. ಅವರು ಬರುವತನಕ ಸಾಹುಕಾರ್ರು ಮುಗಿದ ಕೈ ಇಳಿಸದೆ ಹಾಗೇ ನಿಂತಿದ್ದರು.

ಎರಡನೆಯದರಲ್ಲಿ ಅವರು, "ಈ ಗೌರವಕ್ಕೆ ನಾನು ಖಂಡಿತ ಅರ್ಹನಲ್ಲ," ಅಂದರು.

"ಅಷ್ಟು ಜೋರಾಗಿ ಅನಬ್ಯಾಡ್ರಿ, ಜನ ನಂಬಿಬಿಟ್ಟಾರು," ಅಂದರು ಅಮ್ಮಾರು.

"ಬಂದ್ ಮಾಡ್ರಿ, ತಪ್ಪಾಗ್ತೈತೆ," ಎಂದು ನನ್ನ ಹೆಂಡತಿ ಕುರ್ಚಿ ಎಳೆದುಕೊಂಡು ಕೂತಳು. ಅವತ್ತು ಐದು ನೋಡಿದೆವು. ಆಮೇಲೆ ಅದು ಸಂಜೆಯ ಚಹಾದ ಜೊತೆಗೆ ಅಂಟಿಕೊಂಡುಬಿಟ್ಟಿತು. ಕಾರು ಓಡಿಸುವ ಆಟದ ಡಿಸ್ಕನ್ನು ನಾನು ಮರೆತೇಬಿಟ್ಟೆ. ಒಂಬತ್ತನೆಯದರಲ್ಲಿ ಸಾಹುಕಾರ್ರ ಕಣ್ಣು ತುಂಬಿತು. ಹನ್ನೆರಡನೆಯದರಲ್ಲಿ ಅದನ್ನು ಒರೆಸಲು ಕರವಸ್ತ್ರ ಬಂತು. ಹದಿನೈದಕ್ಕೆ ಬರುವ ಹೊತ್ತಿಗೆ ಕರವಸ್ತ್ರ ಹೋಗಿ ಶಾಲಿನ ಅಂಚು ಬಂದಿತ್ತು, ಮತ್ತು ಅದು ನಿಜವಾಗಿಯೂ ಚೆನ್ನಾಗಿತ್ತು. ವಿನಯಕ್ಕೆ ಇಷ್ಟು ದುಡಿಮೆ ಬೇಕೆಂದು ನನಗೆ ಗೊತ್ತಿರಲಿಲ್ಲ.

ಆದರೆ ಪ್ರತಿ ವಿಡಿಯೋದ ಕೊನೆಯ ಮಾತಿಗೆ ನಾನು ಚಹಾದ ಲೋಟ ಕೆಳಗಿಡುತ್ತಿದ್ದೆ. ಸಾಹುಕಾರ್ರು ಎದೆ ತುಂಬ ಉಸಿರು ಎಳೆದುಕೊಂಡು ಹೇಳುತ್ತಿದ್ದರು: "ಈ ಜನಕ್ಕೆ ನಾನು ನನ್ನ ಕೊನೇ ಉಸಿರಿರೋತನಕ ಕೃತಘ್ನನಾಗಿರ್ತೀನಿ."

ಉಪಕಾರ ನೆನೆಯುವವನು ಕೃತಜ್ಞ. ಉಂಡ ಮನೆಗೆ ಎರಡು ಬಗೆಯುವವನು ಕೃತಘ್ನ. ನಾವೆಲ್ಲ ಬಾಯಲ್ಲಿ ಜ್ಞ ಎನ್ನುವುದನ್ನು ಗ್ನ ಎಂದೇ ಅನ್ನುತ್ತೇವೆ, ಅದರಿಂದ ತೊಂದರೆಯಿಲ್ಲ. ಆದರೆ ಮೈಕ್ ಮುಂದೆ ನಿಂತವರು ಅಲ್ಪಪ್ರಾಣಗಳನ್ನೆಲ್ಲ ಮಹಾಪ್ರಾಣ ಮಾಡುತ್ತಾರೆ, ಮತ್ತು ಸಾಹುಕಾರ್ರ ಉಸಿರು ದೊಡ್ಡದು. ಉತ್ತರ ಪತ್ರಿಕೆಗಳಲ್ಲಿ ಈ ತಪ್ಪಿಗೆ ಕೆಂಪು ಗೆರೆ ಎಳೆದೇ ನನ್ನ ಅರ್ಧ ಆಯಸ್ಸು ಕಳೆದಿದೆ. ಹತ್ತೊಂಬತ್ತು ಸಲ ಕೇಳಿ ಸುಮ್ಮನಿರುವುದು ನನ್ನಂಥವನಿಗೆ ಸಣ್ಣ ಶಿಕ್ಷೆಯಲ್ಲ.

ಅಷ್ಟರಲ್ಲಿ ಸಾಹುಕಾರ್ರು ಗೇಟಿನ ಹತ್ತಿರ ನಿಲ್ಲಿಸಿ ಆಮಂತ್ರಣ ಕೊಟ್ಟರು. ಹರಿಹರದಲ್ಲಿ ಯಾವುದೋ ಹಿತೈಷಿಗಳ ಬಳಗ ಸಮಾಜ ಸೇವಕರನ್ನು ಸನ್ಮಾನಿಸುವುದಿತ್ತು.

"ನನಗೆ ಇವೆಲ್ಲ ಹಿಡಿಸಲ್ಲ ಮೇಷ್ಟ್ರೆ. ಬ್ಯಾಡ ಬ್ಯಾಡ ಅಂದೆ, ಕೇಳ್ಲಿಲ್ಲ."

"ಮಾತಾಡೋದು ತಯಾರಿ ಆಯ್ತೇನ್ರಿ?"

"ತಯಾರಿ ಏನು ಬಂತು? ಮೈಕ್ ಮುಂದೆ ನಿಂತಾಗ ಬಾಯಿಗೆ ಏನು ಬರ್ತೈತೋ ಅದು."

ನನಗೀಗ ಇಕ್ಕಟ್ಟು. ಹೇಳಿದರೆ ಕದ್ದು ನೋಡಿದ್ದು ಬಯಲಾಗುತ್ತದೆ. ಹೇಳದಿದ್ದರೆ ನೂರಾರು ಜನರ ಮುಂದೆ ಅವರು ಸಾಯುವತನಕ ಉಪಕಾರ ಮರೆಯುತ್ತೇನೆಂದು ಕೈ ಮುಗಿದು ಸಾರುತ್ತಾರೆ. ಮರುದಿನ ಅವರು ನಲ್ಲಿ ನೀರು ಬಿಟ್ಟದ್ದನ್ನೇ ನೆಪ ಮಾಡಿಕೊಂಡು, "ಸಾಹುಕಾರ್ರೆ, ನಾನು ನಿಮಗೆ ಕೃತಜ್ಞ. ಕೃತ, ಜ್ಞ," ಎಂದು ಬಿಡಿಸಿ ಬಿಡಿಸಿ ಹೇಳಿದೆ. "ಎರಡು ಕೊಡ ನೀರಿಗೆ ಅಷ್ಟು ದೊಡ್ಡ ಮಾತು ಯಾಕ?" ಎಂದು ನನ್ನನ್ನು ಜ್ವರ ಬಂದವನಂತೆ ನೋಡಿದರು. ಹೆಂಡತಿ ಒಂದು ನಿಘಂಟನ್ನು ಉಡುಗೊರೆ ಕೊಡುವ ಉಪಾಯ ಹೇಳಿದಳು. ಆ ಪದವಿರುವ ಪುಟದಲ್ಲೇ ದಾರ ಇಟ್ಟು ಕೊಟ್ಟೆ. ಅಮ್ಮಾರು ಅದನ್ನು ಫೋನ್ ನಿಲ್ಲಿಸಲು ಆಸರೆ ಮಾಡಿಕೊಂಡರು. ಫೋಲ್ಡರಿಗೆ ಹೊಸದಾಗಿ ಸೇರುತ್ತಿದ್ದ ವಿಡಿಯೋಗಳಲ್ಲಿ ಇಪ್ಪತ್ತೊಂದನೆಯದರಿಂದ ಚಿತ್ರ ಅಲುಗಾಡುವುದು ನಿಂತಿತು. ತಪ್ಪು ಮಾತ್ರ ಇನ್ನೂ ಸ್ಪಷ್ಟವಾಗಿ ಕೇಳಿಸಿತು.

ಸಮಾರಂಭದ ಹಿಂದಿನ ದಿನ ಕಾಲೇಜಿನಿಂದ ಬಂದವನೇ ಮೆಟ್ಟಿಲು ಹತ್ತದೆ ನೇರ ಕೆಳಗಿನ ಮನೆಗೆ ಹೋದೆ.

"ಬರ್ರಿ ಮೇಷ್ಟ್ರೆ, ಕೂಡ್ರಿ," ಅಂದರು ಸಾಹುಕಾರ್ರು.

ಕೂತು ಎಲ್ಲ ಹೇಳಿದೆ. ಕನ್ಸೋಲ್ ತಂದದ್ದು, ಎರಡು ಹೆಸರು ಬಂದದ್ದು, ನೋಡಿದ್ದು, ಮೊದಲ ದಿನವೇ ನಿಲ್ಲಿಸದೆ ಇದ್ದದ್ದು. ಕೊನೆಗೆ ಆ ಅಕ್ಷರದ ವಿಷಯ. ಸಾಹುಕಾರ್ರು ಹೆಗಲ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಎಷ್ಟು ನೋಡೀರಿ?"

"ಎಲ್ಲಾ."

"ಕುಕ್ಕರ್ ಕೂಗಿದ್ದೂ?"

"ಹೂನ್ರಿ."

ಒಳಗಿನಿಂದ ಅಮ್ಮಾರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಹೇಳಿಬಿಡ್ರಿ ಅತ್ಲಾಗೆ," ಅಂದರು ಗಂಡನಿಗೆ.

"ನೀನೇ ಹೇಳು."

ಅಮ್ಮಾರು ರಿಮೋಟ್ ತಗೊಂಡು ಗೋಡೆಯ ಮೇಲಿದ್ದ ತಮ್ಮ ಹೊಸ ಟಿವಿ ಹಾಕಿದರು. ಅಲ್ಲೂ ಒಂದು ಪಟ್ಟಿ ಬಂತು, ಅದರಲ್ಲಿ ನಮ್ಮ ಕಂಪ್ಯೂಟರಿನ ಹೆಸರಿತ್ತು. ಅವರ ಬೆರಳು ತಡವರಿಸದೆ 'ಅಡುಗೆಮನೆ ಗೋಡೆ' ಫೋಲ್ಡರಿಗೆ ಹೋಯಿತು. ಟಿವಿಯ ತುಂಬ ನನ್ನ ಹೆಂಡತಿ ಬಂದಳು. ಕೈಯಲ್ಲಿ ಮೈಕಿನಂತೆ ಸೌಟು. "ವೀಕ್ಷಕರೇ, ನಾವೀಗ ಸಾಹುಕಾರ್ರ ಮೂರನೇ ಜಲಪಾತದ ಮುಂದೆ ನಿಂತಿದ್ದೇವೆ," ಅಂದಳು. ನೀರು ಇಳಿಯುತ್ತಿದ್ದ ಗೋಡೆ ತೋರಿಸಿದಳು. ಆಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡು, ಹೊಟ್ಟೆ ಮುಂದೆ ಮಾಡಿ, ಸಾಹುಕಾರ್ರ ದನಿಯಲ್ಲಿ ಹೇಳಿದಳು: "ಗೋಡೆ ಅಂದ್ಮೇಲೆ ಬೆವರ್ತೈತ್ರಿ. ಮನುಷ್ಯ ಬೆವರಲ್ವೇನು?" ಹಿಂದೆ ಯಾರೋ ಕಿಸಿಕಿಸಿ ನಗುತ್ತಿದ್ದರು. ಅದು ನಾನು.

ನೆಲ ಬಾಯಿ ಬಿಡಲಿಲ್ಲ. ಸಾಹುಕಾರ್ರ ಮನೆಯ ನೆಲ ಗಟ್ಟಿ.

"ನಾನು ಹಂಗೆ ಹೊಟ್ಟೆ ಮುಂದೆ ಮಾಡ್ಕಂಡು ನಿಂತ್ಕಂತೀನೇನು?" ಎಂದು ಕೇಳಿದರು ಅವರು. ಕೇಳಿದ್ದು ನನ್ನನ್ನಲ್ಲ, ಹೆಂಡತಿಯನ್ನು.

"ಹಂಗೇ ನಿಂತ್ಕಂತೀರಿ," ಅಂದರು ಅಮ್ಮಾರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಪಾಠಾನೂ ನೋಡೀನಿ ಮೇಷ್ಟ್ರೆ. ಮಧ್ಯಾಹ್ನ ಹಚ್ಚಿಟ್ರೆ ನಿದ್ದೆ ಭಾಳ ಚೆನ್ನಾಗಿ ಬರ್ತೈತೆ," ಅಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಉಪಕಾರ ಸ್ಮರಣೆಯಿತ್ತು.

"ಹಂಗಾದ್ರೆ ಗೋಡೆ ಸೋರೋದು ನಿಮಗೆ ಗೊತ್ತಿತ್ತು," ಅಂದೆ.

"ಗಾರೆ ಕೆಲಸದವನ್ನ ಕಳಿಸಬೇಕು ಅಂತ ಮಾಡಿದ್ದೆ," ಅಂದರು ಸಾಹುಕಾರ್ರು. "ಕಳಿಸಿದ್ರೆ ಇದ್ದಕ್ಕಿದ್ದಂಗೆ ಹೆಂಗೆ ನಂಬಿದ್ರಿ ಅಂತ ನೀವು ಕೇಳ್ತಿದ್ರಿ. ಅದಕ್ಕೆ ಸುಮ್ಮನಾದೆ."

ನಾನು ತಿಂಗಳಿಂದ ಬಾಯಿ ಮುಚ್ಚಿಕೊಂಡದ್ದು, ಅವರು ಗಾರೆಯವನನ್ನು ತಡೆದದ್ದು, ಎರಡೂ ಒಂದೇ ಮರ್ಯಾದೆಗಾಗಿ. ಸಭ್ಯರು ಒಬ್ಬರನ್ನೊಬ್ಬರು ಕದ್ದು ನೋಡಿದರೆ ಹೀಗೇ ಆಗುತ್ತದೆ. ಗೋಡೆಯೂ ಸೋರುತ್ತದೆ, ಭಾಷೆಯೂ ಸೋರುತ್ತದೆ.

"ಆಯ್ತು, ಆ ಅಕ್ಷರ ಹೇಳಿಕೊಡ್ರಿ," ಅಂದರು.

"ಅದು ಬ್ಯಾಡ ಬಿಡ್ರಿ. 'ಋಣಿ' ಅಂದ್ಬಿಡ್ರಿ, ಸುಲಭ."

"ಇಪ್ಪತ್ಮೂರು ಸಲ ಅದನ್ನೇ ಹೇಳೀನಿ. ಈಗ ಬದಲು ಮಾಡಲ್ಲ."

ಹಾಗಾಗಿ ಕೂತು ಅಭ್ಯಾಸ ಮಾಡಿದೆವು. ಉಸಿರು ಎಳೆದುಕೊಳ್ಳುವುದು ಮಾತಿನ ಮೊದಲಲ್ಲಿ, ಆ ಪದದ ಮೊದಲಲ್ಲಲ್ಲ ಎಂದು ಹೇಳಿಕೊಟ್ಟೆ. ಪದ ಬಂದಾಗ ಉಸಿರು ನುಗ್ಗದ ಹಾಗೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳಿರಿ ಅಂದೆ. ಚಹಾ ಎರಡು ಸಲ ಬಂತು. ಚಹಾಕ್ಕೂ ಅವರು ಆ ಪದವನ್ನೇ ಬಳಸಿದರು.

ಮರುದಿನ ಅವರ ಕಾರಿನಲ್ಲೇ ನಾಲ್ಕೂ ಜನ ಹರಿಹರಕ್ಕೆ ಹೋದೆವು. ಕಲ್ಯಾಣ ಮಂಟಪದ ವೇದಿಕೆ ನೋಡಿ ಸಾಹುಕಾರ್ರ ಮುಖ ಸಣ್ಣದಾಯಿತು. ಸನ್ಮಾನಿತರು ಮೂವತ್ತು ಜನಕ್ಕೆ ಕಡಿಮೆ ಇರಲಿಲ್ಲ, ಬಸ್ಸಿನ ಸೀಟಿನಂತೆ ಮೂರು ಸಾಲು ಮಾಡಿ ಕೂರಿಸಿದ್ದರು. ಶಾಲು ಎಲ್ಲರಿಗೂ ಇತ್ತು. ಪೇಟ ಮಾತ್ರ ಮೂರೇ ಇದ್ದವು, ಒಬ್ಬರ ತಲೆಯಿಂದ ಇಳಿದದ್ದು ಫೋಟೊ ಆದ ಕೂಡಲೇ ಇನ್ನೊಬ್ಬರ ತಲೆ ಏರುತ್ತಿತ್ತು. ಮುಖ್ಯ ಅತಿಥಿಗಳು ತಡವಾಗಿ ಬಂದು, ಸಮಯದ ಮಹತ್ವದ ಬಗ್ಗೆ ಒಂದು ಗಂಟೆ ಮಾತಾಡಿದರು. ಅಷ್ಟರಲ್ಲಿ ಊಟದ ಮನೆಯಿಂದ ಒಗ್ಗರಣೆ ವಾಸನೆ ಬಂತು. ನಿರೂಪಕರು ಮೈಕ್ ಹಿಡಿದು, ವೇಳೆಯ ಅಭಾವದಿಂದ ಸನ್ಮಾನಿತರೆಲ್ಲರ ಪರವಾಗಿ ಯಾರಾದರೂ ಒಬ್ಬರು ಒಂದೇ ಒಂದು ಮಾತು ಹೇಳಬೇಕು ಅಂದರು.

ಉಳಿದವರು ಒಬ್ಬರ ಮುಖ ಒಬ್ಬರು ನೋಡುವುದರಲ್ಲಿದ್ದರು. ಸಾಹುಕಾರ್ರು ಎರಡನೇ ಸಾಲಿನಿಂದ ಎದ್ದು ಆಗಲೇ ಮೈಕಿನ ಹತ್ತಿರ ಬಂದಿದ್ದರು.

"ನಾನು ಇಂಥ ಸನ್ಮಾನಗಳಿಂದ ಸದಾ ದೂರ ಇದ್ದವನು," ಎಂದು ಶುರುಮಾಡಿದರು. ನಿರೂಪಕರು ಅವರ ಮೊಣಕೈ ಮುಟ್ಟಿದರು. ಸಾಹುಕಾರ್ರು ಮೈಕನ್ನು ಹತ್ತಿರ ಎಳೆದುಕೊಂಡರು. ಅರ್ಹನಲ್ಲ ಎನ್ನುವುದು, ತುಂಬಿದ ಕಣ್ಣು, ಶಾಲಿನ ಅಂಚು, ಎಲ್ಲವನ್ನೂ ಬಿಟ್ಟುಕೊಟ್ಟು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದರು: "ನಿಮಗೆಲ್ಲ ನಾನು ಕೊನೇ ಉಸಿರಿರೋತನಕ ಕೃತಜ್ಞನಾಗಿರ್ತೀನಿ."

ಒಂದು ಎಳೆ ಉಸಿರೂ ಹೆಚ್ಚಾಗಲಿಲ್ಲ. ಅಮ್ಮಾರು, ನನ್ನ ಹೆಂಡತಿ, ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆವು. ಉಳಿದವರೂ ಎದ್ದು ನಿಂತಿದ್ದರು, ಊಟಕ್ಕೆ. ಹಿಂದೆಯೇ ಬಳಗದ ಕಾರ್ಯದರ್ಶಿಗಳು ವಂದನಾರ್ಪಣೆಗೆ ಬಂದು, ಅತಿಥಿಗಳಿಗೂ ಸನ್ಮಾನಿತರಿಗೂ ಅಡುಗೆಯವರಿಗೂ ಗಟ್ಟಿ ದನಿಯಲ್ಲಿ 'ಕೃತಘ್ನತೆಗಳನ್ನು' ಸಲ್ಲಿಸಿದರು. ವೇದಿಕೆಯ ಮೇಲಿಂದ ಸಾಹುಕಾರ್ರು ಜನರ ನಡುವೆ ನನ್ನನ್ನು ಹುಡುಕಿ, ಕನ್ನಡದ ಗತಿ ಹೀಗಾಯಿತಲ್ಲ ಎಂಬಂತೆ ತಲೆ ಅಲ್ಲಾಡಿಸಿದರು.

ವಾಪಸು ಬರುವಾಗ ಕಾರಿನಲ್ಲಿ, "ವಿಡಿಯೋ ಹೆಂಗೆ ಬಂದೈತೆ?" ಎಂದು ಕೇಳಿದರು.

ಅಮ್ಮಾರು, "ನಾನು ಚಪ್ಪಾಳೆ ಹೊಡೀತಿದ್ದೆ," ಅಂದರು. ನಾವೂ ತೆಗೆದಿರಲಿಲ್ಲ. ಸನ್ಮಾನದಲ್ಲಿ ಕೊಟ್ಟ ಬುಟ್ಟಿಯ ಮೂಸಂಬಿ ಸುಲಿದು ಅಮ್ಮಾರು ಒಂದೊಂದೇ ತೊಳೆ ಮುಂದಿನ ಸೀಟಿಗೆ ಕೊಡುತ್ತಾ ಬಂದರು. ದಾವಣಗೆರೆ ಬರುವತನಕ ಸಾಹುಕಾರ್ರು ತಿನ್ನುತ್ತಲೇ ಇದ್ದರು.

ಮುಂದಿನ ಭಾನುವಾರ ಅವರ ಕಂಪ್ಯೂಟರಿನ ಹಂಚಿಕೆ ನಿಲ್ಲಿಸಿಕೊಡಲು ಕರೆದರು. ನಿಲ್ಲಿಸಿದೆ. ಏಳುವಾಗ ಸಾಹುಕಾರ್ರು, "ನಮ್ದು ಬಂದ್ ಆತಲ್ಲ, ಸಾಕು. ನಿಮ್ದು ಇರ್ಲಿ ಬಿಡ್ರಿ," ಅಂದರು. ನಾನು ಮೇಲೆ ಬಂದು ನಮ್ಮದನ್ನೂ ನಿಲ್ಲಿಸಿದೆ.

ಮೂರು ದಿನ ಕಳೆಯಿತು. ನಾಲ್ಕನೇ ದಿನ ಸಂಜೆ ಅಮ್ಮಾರು ಒಂದು ತಟ್ಟೆಯಲ್ಲಿ ಖಾರ ಮಂಡಕ್ಕಿ ಹಿಡಿದುಕೊಂಡು ಮೇಲೆ ಬಂದರು. ಟಿವಿಯ ಕಡೆ ನೋಡಲೂ ಇಲ್ಲ. ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು, ಮಂಡಕ್ಕಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತರು. "ನಮ್ಮ ಓಣಿ ಕೊನೇ ಮನೇರು ನಡೆಯೋದು ನೋಡೀಯಲ್ಲ?" ಅಂದರು ನನ್ನ ಹೆಂಡತಿಗೆ. "ಅವರದ್ದು ಒಂಚೂರು ಮಾಡಿ ತೋರ್ಸು ನೋಡಾನ."