ಬೋರ್‌ವೆಲ್ ಬಣ, ಟ್ಯಾಂಕರ್ ಬಣ

ಮೂವತ್ತೊಂದು ವರ್ಷ ನಾನು ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟೆ. ಅಷ್ಟೂ ವರ್ಷ, ಮೊದಲ ಮಹಾಯುದ್ಧದ ಪಾಠ ಬಂದಾಗ ಬೋರ್ಡಿನ ಮೇಲೆ ಕಾರಣಗಳನ್ನು ಬರೆಯುತ್ತಿದ್ದೆ. ಆಸ್ಟ್ರಿಯಾದ ರಾಜಕುಮಾರನ ಕೊಲೆ ತಕ್ಷಣದ ಕಾರಣ, ದೊಡ್ಡ ದೇಶಗಳು ಬಣ ಕಟ್ಟಿಕೊಂಡದ್ದು ಮೂಲ ಕಾರಣ. ಮಕ್ಕಳು ಬಾಯಿಪಾಠ ಮಾಡಿ ಹಾಗೇ ಬರೆಯುತ್ತಿದ್ದರು, ನಾನು ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿ ನಾಲ್ಕಕ್ಕೆ ನಾಲ್ಕು ಕೊಡುತ್ತಿದ್ದೆ. ಕೊಟ್ಟ ಅಂಕವನ್ನು ವಾಪಸ್ ಪಡೆಯುವ ಹಾಗಿದ್ದರೆ ಇಬ್ಬರಿಂದ ಇವತ್ತೇ ಪಡೆಯುತ್ತಿದ್ದೆ.

ಆ ಇಬ್ಬರೂ ರಾಜಾಜಿನಗರದ ನಮ್ಮ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಈಗ ವಿಜಯನಗರದ ನಮ್ಮ ಅಡ್ಡರಸ್ತೆಗೆ ಅವರೇ ದೊಡ್ಡ ಮನುಷ್ಯರು. ಒಬ್ಬ ಇಲ್ಲಿನ ಹಳೇ ಹಳ್ಳಿಯ ಗೌಡರ ಮನೆಯವನು. ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ನಾವೆಲ್ಲ ಮನೆ ಕಟ್ಟಿಕೊಂಡಿದ್ದೇವೆ. ಅವನಿಗೆ ಮೂರು ಬಿಲ್ಡಿಂಗ್ ಇವೆ, ಎಂಥ ಬೇಸಿಗೆಯಲ್ಲೂ ಬತ್ತದ ಒಂದು ಬೋರ್‌ವೆಲ್ ಇದೆ. ಇನ್ನೊಬ್ಬ ನೀರಿನ ಟ್ಯಾಂಕರ್‌ಗಳ ಮಾಲೀಕ. ಶಾಲೆಯಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ಕಾಪಿ ಹೊಡೆಯುತ್ತಿದ್ದ. ಯಾರು ಯಾರದ್ದನ್ನು ಎಂದು ನನಗೆ ಕೊನೆಗೂ ಗೊತ್ತಾಗಲಿಲ್ಲ.

ನಮ್ಮ ರಸ್ತೆಗೆ ಕಾವೇರಿ ನೀರು ವಾರಕ್ಕೆ ಎರಡು ದಿನ ಬರುತ್ತದೆ. ಒಂದು ಕೆಟ್ಟ ಬೇಸಿಗೆಯಲ್ಲಿ ಅದೂ ನಿಂತಾಗ ಇವರಿಬ್ಬರೇ ನಮ್ಮನ್ನು ಉಳಿಸಿದ್ದು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಗೌಡರ ಹುಡುಗ ತನ್ನ ಬೋರ್‌ವೆಲ್‌ನಿಂದ ರಸ್ತೆಗೆ ಅಡ್ಡವಾಗಿ ಹೋಸ್ ಪೈಪ್ ಎಳೆದು ಎಂಟು ಮನೆಗಳ ಸಂಪ್ ತುಂಬಿಸಿದ. ನಾನು ಮತ್ತು ನನ್ನ ಅಕ್ಕ ಇರುವ ಮನೆ ಅದರಲ್ಲೊಂದು. ರಸ್ತೆಯ ಕೆಳಗಿನ ಮನೆಗಳಿಗೆ ಟ್ಯಾಂಕರ್‌ನವನು ಬೇರೆ ಏರಿಯಾದ ಗಿರಾಕಿಗಳನ್ನು ಬಿಟ್ಟು ಮೊದಲು ನೀರು ಕಳಿಸಿದ. ಮಳೆ ಬಂತು, ಬೇಸಿಗೆ ಮುಗಿಯಿತು, ಆದರೆ ಪೈಪು ಅಲ್ಲೇ ಉಳಿಯಿತು. ನೋಡುನೋಡುತ್ತ ನಾವು ಬೋರ್‌ವೆಲ್‌ನವರು, ಅವರು ಟ್ಯಾಂಕರ್‌ನವರು ಎಂದಾಗಿ ಹೋಯಿತು.

ಆ ವರ್ಷ ಗಣೇಶನ ಹಬ್ಬದಲ್ಲಿ ಗೌಡರ ಹುಡುಗ ಮೈಕ್ ಹಿಡಿದು, ನನ್ನ ನೀರು ಕುಡಿಯೋ ಮನೆಯವರ ಮೇಲೆ ಯಾರಾದರೂ ಕೈ ಇಟ್ಟರೆ ನನ್ನ ಮೇಲೆ ಇಟ್ಟ ಹಾಗೆ ಎಂದ. ಟ್ಯಾಂಕರ್‌ನವನು ಬಿಟ್ಟಾನೆಯೇ? ಮಾರನೇ ದಿನ ತನ್ನ ಗಿರಾಕಿಗಳನ್ನೂ ಡ್ರೈವರ್‌ಗಳನ್ನೂ ಸೇರಿಸಿ ಅದೇ ಮಾತು ಹೇಳಿದ. ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ಮೈಕಿನ ಮುಂದೆ ಮೊದಲ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದೆ. ಮೂವತ್ತೊಂದು ವರ್ಷ ಪಾಠ ಮಾಡಿದವಳು, ಆ ಪಾಠ ಕಣ್ಣೆದುರಿಗೆ ಬಂದು ನಿಂತಾಗ ಗುರುತು ಹಿಡಿಯಲಿಲ್ಲ. ನಮಗೆ ಗಟ್ಟಿಯಾದ ಬೆನ್ನೆಲುಬು ಸಿಕ್ಕಿತು ಎಂದು ಅಕ್ಕನ ಹತ್ತಿರ ಬೇರೆ ಹೇಳಿದೆ.

ಕಿಡಿ ಬಿದ್ದದ್ದು ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ. ನಾನು ಗೇಟಿನ ಹತ್ತಿರ ಸೊಪ್ಪು ಕೊಳ್ಳುತ್ತಿದ್ದೆ. ಟ್ಯಾಂಕರ್ ಒಂದು ರಿವರ್ಸ್ ಬಂದು ಅದರ ಹಿಂದಿನ ಚಕ್ರ ಪೈಪಿನ ಮೇಲೆ ಹತ್ತಿತು, ಪೈಪ್ ಒಡೆದು ನೀರು ಚಿಮ್ಮಿತು. ಎದುರು ಮನೆಯ ಟೈಲರ್ ಕತ್ತಿನಲ್ಲಿ ಟೇಪ್ ಹಾಕಿಕೊಂಡೇ ಓಡಿಬಂದು ಬಾಯಿಗೆ ಬಂದ ಹಾಗೆ ಬೈದ. ಅವನದು ಬೋರ್‌ವೆಲ್ ಮನೆ. ಡ್ರೈವರ್ ಕೆಳಗಿಳಿದು ಕೈ ಮುಗಿದ. ಆತ ವಿಜಯಪುರದ ಕಡೆಯವನು, ನಲವತ್ತರ ಆಸುಪಾಸು, ಹೆಂಡತಿ ಮಕ್ಕಳ ಜೊತೆ ಬಾಪೂಜಿ ನಗರದಲ್ಲಿ ಒಂದು ಕೋಣೆಯಲ್ಲಿದ್ದ. ಟೈಲರ್ ಅವನ ಕಾಲರ್ ಹಿಡಿಯಲು ನುಗ್ಗಿದ. ಚರಂಡಿಯ ಮೇಲಿನ ಒದ್ದೆ ಚಪ್ಪಡಿಯ ಮೇಲೆ ಕಾಲು ಜಾರಿ, ಬಲಗೈ ಊರಿ ಬಿದ್ದ. ಡ್ರೈವರ್‌ನ ಕೈಗೂ ಅವನಿಗೂ ಮಧ್ಯೆ ನನ್ನ ಸೊಪ್ಪಿನವಳ ತಳ್ಳುಗಾಡಿ ಇತ್ತು. ಟೈಲರ್‌ನನ್ನು ಎತ್ತಿ ಆಟೋಗೆ ಹತ್ತಿಸಿದವನೂ ಆ ಡ್ರೈವರೇ.

ಮಣಿಕಟ್ಟು ಮುರಿದಿತ್ತು. ಟೈಲರ್‌ಗೆ ಬಲಗೈ ಇಲ್ಲ ಎಂದರೆ ಅನ್ನ ಇಲ್ಲ, ಅದು ಎಲ್ಲರಿಗೂ ಗೊತ್ತು. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಡ್ರೈವರ್ ತಳ್ಳಿದ ಎಂಬ ಮಾತನ್ನು ಯಾರೋ ಅವನ ಬಾಯಿಗೆ ಹಾಕಿದ್ದರು, ಇಲ್ಲವೇ ನೋವಿನಲ್ಲಿ ಅವನಿಗೇ ಹಾಗೆ ಅನ್ನಿಸಿತೋ ಏನೋ. ಮಧ್ಯಾಹ್ನಕ್ಕೆ ಬೋರ್‌ವೆಲ್‌ನವರು ಟ್ಯಾಂಕರ್ ಬಾರದ ಹಾಗೆ ರಸ್ತೆಯ ಬಾಯಿಗೆ ಸೈಜುಗಲ್ಲು ಇಟ್ಟರು. ಅದಕ್ಕೆ ಟ್ಯಾಂಕರ್‌ನವನು ಮೂರು ಗಾಡಿಗಳನ್ನು ತಂದು ಗೌಡರ ಹುಡುಗನ ಗೇಟಿಗೆ ಅಡ್ಡ ನಿಲ್ಲಿಸಿದ. ಅದಕ್ಕೆ ಇವನು ಕೆಂಗೇರಿ ಕಡೆಯ ನೆಂಟರಿಗೆ ಫೋನ್ ಮಾಡಿದ. ಅದು ಗೊತ್ತಾಗಿ ಅವನು ಬಿನ್ನಿಪೇಟೆ, ಬಾಪೂಜಿ ನಗರದ ಟ್ಯಾಂಕರ್ ಮಾಲೀಕರಿಗೆಲ್ಲ ಹೇಳಿ ಕಳಿಸಿದ. ಪೈಪ್ ಒಡೆದದ್ದು ಯಾರಿಗೂ ನೆನಪಿರಲಿಲ್ಲ. ಅವರು ಎಷ್ಟು ಜನ ಸೇರಿಸಿದರು, ನಾವೆಷ್ಟು ಜನ ಸೇರಿಸಬೇಕು, ಮಾತೆಲ್ಲ ಅದೇ.

ಸಂಜೆ ನಾಲ್ಕಕ್ಕೆ ಗೌಡರ ಹುಡುಗ ಮನೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಹಳೇ ಅಭ್ಯಾಸದಂತೆ ನಾನು ಹೇಳುವವರೆಗೂ ನಿಂತೇ ಇದ್ದ. ಕೈಯಲ್ಲಿ ಟೈಪ್ ಮಾಡಿದ ಒಂದು ಹಾಳೆ. ಡ್ರೈವರ್ ಟೈಲರ್‌ನನ್ನು ಬೇಕೆಂತಲೇ ತಳ್ಳಿದ್ದನ್ನು ನಾನು ಕಣ್ಣಾರೆ ಕಂಡೆ ಎಂದು ಅದರಲ್ಲಿತ್ತು. ಕಂಡವರಲ್ಲಿ ಈ ರಸ್ತೆಯವಳು ನಾನೊಬ್ಬಳೇ ತಾನೇ, ನನ್ನ ಸಹಿ ಇದ್ದರೆ ಕೇಸ್ ನಿಲ್ಲುತ್ತದೆ ಎಂದ. ಹಾಗೇನೂ ಆಗಲಿಲ್ಲವಲ್ಲೋ ಎಂದೆ. ಅವನು ತಲೆ ಕೆರೆದುಕೊಂಡ.

"ನಂಗೂ ಈ ಜಗಳ ಬೇಕಾಗಿಲ್ಲ ಮಿಸ್. ಅವ್ನೂ ನಾನೂ ಒಂದೇ ಬೆಂಚು. ಆದ್ರೆ ಎಲ್ರ ಮುಂದೆ ಮಾತು ಕೊಟ್ಬಿಟ್ಟಿದೀನಿ. ಇವತ್ತು ಟೈಲರ್‌ನ ಕೈ ಬಿಟ್ರೆ ನಾಳೆ ನನ್ನ ಮಾತಿಗೆ ಯಾರು ಬೆಲೆ ಕೊಡ್ತಾರೆ?"

ಹಾಳೆಯನ್ನು ಮೇಜಿನ ಮೇಲಿಟ್ಟು ಅವನು ಹೋಗಿ ಒಂದು ಗಂಟೆಯೊಳಗೆ ಟ್ಯಾಂಕರ್‌ನವನು ಬಂದ. ಅವನ ಕೈಯಲ್ಲೂ ಒಂದು ಹಾಳೆ. ಟೈಲರ್ ಕತ್ತರಿ ಹಿಡಿದು ಡ್ರೈವರ್ ಮೇಲೆ ಬಿದ್ದ ಎಂದು ಅದರಲ್ಲಿತ್ತು. ಕತ್ತರಿ! ಮಾತಿಗೆ ಮಾತು ಅದೇ: ಜಗಳ ಬೇಕಾಗಿಲ್ಲ, ಒಂದೇ ಬೆಂಚು, ಮಾತು ಕೊಟ್ಟಾಗಿದೆ, ಈಗ ಬಿಟ್ಟುಕೊಟ್ಟರೆ ಮರ್ಯಾದೆ ಉಳಿಯುವುದಿಲ್ಲ. ಈ ಸಲವೂ ಯಾರದ್ದನ್ನು ಯಾರು ಕಾಪಿ ಹೊಡೆದರೋ.

ಅವನೂ ಹಾಳೆ ಬಿಟ್ಟು ಹೋದ ಮೇಲೆ ನನಗೆ ಬಂದ ಸಿಟ್ಟು ಅವರ ಮೇಲಷ್ಟೇ ಅಲ್ಲ, ನನ್ನ ಮೇಲೂ. ಮೊದಲ ಮಹಾಯುದ್ಧದ ಹಿಂದಿನ ವಾರಗಳಲ್ಲಿ ಆದದ್ದು ಇದೇ. ಸಣ್ಣ ಸೆರ್ಬಿಯಾದ ಬೆನ್ನಿಗೆ ರಷ್ಯಾ, ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ, ರಷ್ಯಾದ ಬೆನ್ನಿಗೆ ಫ್ರಾನ್ಸ್. ಅವನು ಸೈನ್ಯ ಎಬ್ಬಿಸಿದ ಎಂದು ಇವನು, ಇವನು ಎಬ್ಬಿಸಿದ ಎಂದು ಮತ್ತೊಬ್ಬ. ಕೊಟ್ಟ ಮಾತು ಉಳಿಸಿಕೊಳ್ಳಲು ಹೋಗಿ ಲೆಕ್ಕವಿಲ್ಲದಷ್ಟು ಮನೆಯ ಮಕ್ಕಳನ್ನು ಮಣ್ಣಿಗೆ ಹಾಕಿದರು. ನಾನು ಇದನ್ನು ನಾಲ್ಕು ಅಂಕದ ಪ್ರಶ್ನೆ ಮಾಡಿ ಬಿಟ್ಟಿದ್ದೆ. ನೀವು ಆ ಮಂತ್ರಿಗಳ ಮೇಜಿನ ಮುಂದೆ ಕೂತಿದ್ದರೆ ಏನು ಮಾಡುತ್ತಿದ್ದಿರಿ ಎಂದು ಒಂದು ಮಗುವನ್ನೂ ಕೇಳಲಿಲ್ಲ. ಇವತ್ತೂ ಟಿವಿಯಲ್ಲಿ ಭೂಪಟಕ್ಕೆ ಎರಡು ಬಣ್ಣ ಬಳಿದು, ಯಾವ ದೇಶ ಯಾರ ಕಡೆ ಎಂದು ಕ್ರಿಕೆಟ್ ಟೀಮ್ ಹೇಳಿದ ಹಾಗೆ ಹೇಳುತ್ತಾರೆ. ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಅಷ್ಟರಲ್ಲಿ ಡ್ರೈವರೇ ಬಂದ. ಒಳಗೆ ಬಾರಪ್ಪ ಎಂದರೂ ಬರದೆ ಗೇಟಿನಾಚೆಯೇ ನಿಂತ.

"ಪೈಪ್ ಒಡದದ್ದು ಖರೆ ಅದರೀ ಮೇಡಂ. ಆದ್ರ ಅವ್ರನ್ನ ನಾ ಮುಟ್ಟಿಲ್ಲ. ಕೇಸ್ ಆದ್ರ ನನಗ ಯಾರೂ ಗಾಡಿ ಕೊಡಂಗಿಲ್ಲ. ಎರಡು ಹೆಣ್ಣುಮಕ್ಕಳು ಸಾಲಿಗೆ ಹೊಂಟಾವ್ರೀ."

ಕತ್ತರಿಯ ಹಾಳೆಯ ವಿಷಯ ಕೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ. ಅವರ ಕೈಯಾಗ ಕತ್ತರಿ ಎಲ್ಲಿತ್ತರೀ ಎಂದು ನನ್ನನ್ನೇ ಕೇಳಿದ.

ಅಕ್ಕ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬಿನ್ನಿಪೇಟೆಯ ಮಿಲ್ಲಿನ ಆಫೀಸಿನಲ್ಲಿ ಕೆಲಸ ಮಾಡಿದವಳು, ಯಾವ ಜಗಳ ಎಲ್ಲಿಗೆ ಮುಟ್ಟುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವಳು. ಗೌಡರ ಹುಡುಗನ ಹಾಳೆಗೆ ಸುಮ್ಮನೆ ಸೈನ್ ಹಾಕು ಕಣೇ, ಈ ವಯಸ್ಸಿನಲ್ಲಿ ಕೊಡ ಹೊರೋಕೆ ನಿನ್ನ ಮಂಡಿ ಆಗುತ್ತಾ ನನ್ನ ಮಂಡಿ ಆಗುತ್ತಾ ಎಂದಳು. ನಾನು ಕೆಂಪು ಪೆನ್ನು ಹುಡುಕಿದೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಗೇಟಿನ ಎಡಕ್ಕೆ ಒಂದು ಗುಂಪು, ಬಲಕ್ಕೆ ಒಂದು ಗುಂಪು. ಅರ್ಧ ಜನ ನಮ್ಮ ರಸ್ತೆಯವರೇ ಅಲ್ಲ, ಯಾತಕ್ಕೆ ಬಂದಿದ್ದೇವೆ ಎಂದು ಪಕ್ಕದವರನ್ನು ಕೇಳುತ್ತಿದ್ದರು. ಕೆಲವರ ಕೈಯಲ್ಲಿ ದೊಣ್ಣೆ ಇತ್ತು. ಪೊಲೀಸ್ ಜೀಪ್ ಬಂತು. ಏನು ಕಂಡಿರಿ ಹೇಳಿ ಅಮ್ಮ ಎಂದು ಸಬ್ ಇನ್‌ಸ್ಪೆಕ್ಟರ್ ಕೇಳಿದ. ಎರಡು ಕಡೆಯವರೂ ನಾನು ತಮ್ಮವಳೇ ಎಂಬ ಧೈರ್ಯದಲ್ಲಿ ಸುಮ್ಮನಾದರು. ಗೇಟ್ ತೆಗೆದು ಹೊರಗೆ ಬಂದು ಇಬ್ಬರನ್ನೂ ಹತ್ತಿರ ಕರೆದೆ, ಅವರವರ ಹಾಳೆ ಅವರವರ ಕೈಗೆ ಕೊಟ್ಟೆ. ಎರಡನ್ನೂ ಮೂಲೆಯಿಂದ ಮೂಲೆಗೆ ಕೆಂಪಿನಲ್ಲಿ ಹೊಡೆದುಹಾಕಿದ್ದೆ. ಕೆಳಗೆ ಒಂದು ದೊಡ್ಡ ಸೊನ್ನೆ ಸುತ್ತಿ, ನನ್ನ ಸಹಿ ಹಾಕಿದ್ದೆ.

"ಇಬ್ರಿಗೂ ಸೊನ್ನೆ ಕಣ್ರೋ. ಯಾರೂ ಯಾರನ್ನೂ ತಳ್ಳಲಿಲ್ಲ, ಯಾರ ಕೈಲೂ ಕತ್ತರಿ ಇರ್ಲಿಲ್ಲ. ಟೈಲರ್ ಕಾಲು ಜಾರಿ ಬಿದ್ದ. ಎತ್ತಿದೋನು ಆ ಡ್ರೈವರೇ. ನಾನು ಯಾರ ಕಡೆನೂ ಇಲ್ಲ, ಬೇಕಾದ್ರೆ ನೀರು ಕಿತ್ಕೊಳ್ಳಿ."

ಅಷ್ಟನ್ನೇ ನನ್ನ ಕೈಯಾರೆ ಬರೆದು ಪೊಲೀಸರಿಗೆ ಕೊಟ್ಟೆ. ಟೈಲರ್ ಪ್ಲಾಸ್ಟರ್ ಹಾಕಿದ ಕೈಯನ್ನು ನೋಡಿಕೊಂಡು ತಲೆ ತಗ್ಗಿಸಿದ, ಇಲ್ಲ ಎನ್ನಲಿಲ್ಲ. ಕೇಸ್ ಆಗಲಿಲ್ಲ. ದೊಣ್ಣೆ ಹಿಡಿದವರು ಇನ್ನಷ್ಟು ಹೊತ್ತು ನಿಂತು, ಬಿಸಿಲು ಏರಿದ ಮೇಲೆ ತಿಂಡಿ ಹುಡುಕಿಕೊಂಡು ಹೋದರು.

ಸೋಮವಾರ ನಮ್ಮ ಸಂಪಿನಿಂದ ಪೈಪ್ ತೆಗೆದರು. ಟ್ಯಾಂಕರ್‌ಗೆ ಫೋನ್ ಮಾಡಿದರೆ ಗಾಡಿ ಖಾಲಿ ಇಲ್ಲ ಎಂದರು. ಅಕ್ಕ ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ಕಾವೇರಿ ನೀರು ಬಂದಾಗ ನನಗಿಂತ ಮೊದಲು ಎದ್ದು ಡ್ರಮ್ ತುಂಬಿಸಿ, ಇಬ್ಬರಿಗೆ ಇಷ್ಟು ಸಾಕು ಬಿಡೇ ಎಂದಳು. ಬಟ್ಟೆ ಒಗೆದ ನೀರಲ್ಲೇ ಅಂಗಳ ತೊಳೆಯುತ್ತೇವೆ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತೇವೆ. ನಮ್ಮ ತಲೆಯೇನೂ ಬಾಗಿಲ್ಲ.

ಆರು ತಿಂಗಳಲ್ಲಿ ಆ ಇಬ್ಬರೂ ರಾಜಿಯಾದರು. ರಾಜಿ ಏನು ಬಂತು, ಪಾಲುದಾರರೇ ಆದರು. ಈಗ ಅವನ ಟ್ಯಾಂಕರ್‌ಗಳು ಇವನ ಬೋರ್‌ವೆಲ್‌ನಲ್ಲೇ ತುಂಬುತ್ತವೆ. ಟೈಲರ್‌ನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆ. ಕತ್ತರಿ ಹಿಡಿಯಲಾಗದೆ ಹುಕ್ಕು, ಗುಂಡಿ ಹಾಕಿಕೊಂಡು ಕೂತಿರುತ್ತಾನೆ. ರಾಜಿಯ ದಿನ ಆ ಡ್ರೈವರ್ ಈ ಕಡೆ ಇರಬಾರದು ಎಂದು ಗೌಡರ ಹುಡುಗ ಕೇಳಿದನಂತೆ, ಅಷ್ಟೇ ತಾನೇ ಎಂದು ಟ್ಯಾಂಕರ್‌ನವನು ಒಪ್ಪಿದನಂತೆ. ಬಾಪೂಜಿ ನಗರದ ಕೋಣೆ ಹುಡುಕಿಕೊಂಡು ಹೋದೆ, ಬೀಗ ಹಾಕಿತ್ತು. ಮಕ್ಕಳನ್ನು ಸ್ಕೂಲ್ ಬಿಡಿಸಿ ಊರಿಗೆ ಹೋದರು ಎಂದು ಪಕ್ಕದವರು ಹೇಳಿದರು.

ಕಳೆದ ಶುಕ್ರವಾರ ಗೌಡರ ಹುಡುಗ ಮಗಳ ಮದುವೆಗೆ ಕರೆಯಲು ಬಂದಿದ್ದ. ಅರಿಶಿನ ಹಚ್ಚಿದ ಪತ್ರಿಕೆ ಕೊಟ್ಟು, ಅಕ್ಕನಿಗೂ ನನಗೂ ಕಾಲಿಗೆ ನಮಸ್ಕಾರ ಮಾಡಿದ. ಈಗ ಎಲ್ಲ ಸರಿಹೋಯಿತು ಮಿಸ್, ನಾಳೆಯೇ ನಿಮಗೆ ಪೈಪ್ ಹಾಕಿಸಿಬಿಡುತ್ತೇನೆ ಎಂದ. ಅವನ ದನಿಯಲ್ಲಿ ಪ್ರೀತಿ ಇತ್ತು, ಇಲ್ಲ ಎನ್ನುವುದಿಲ್ಲ. ಆ ಡ್ರೈವರ್ ಈಗ ಎಲ್ಲಿದ್ದಾನೆ, ಏನಾದರೂ ಗೊತ್ತೇನೋ ಎಂದು ಕೇಳಿದೆ. ಅವನು ನಿಜವಾಗಿಯೂ ಯೋಚಿಸಿದ, ಹುಬ್ಬು ಗಂಟಿಕ್ಕಿದ.

"ಯಾವ ಡ್ರೈವರ್, ಮಿಸ್?"

ಪತ್ರಿಕೆ ಇಟ್ಟುಕೊಂಡೆ. ಪೈಪ್ ಬೇಡ ಎಂದೆ.