ಪರ್ಮಿಷನ್ ಮಿಸ್

ನಮ್ಮ ಶಾಲೆಯ ಸಂಗೀತದ ಮಿಸ್ಸಿಗೆ ಮಕ್ಕಳು ಇಟ್ಟಿರುವ ಹೆಸರು ಪರ್ಮಿಷನ್ ಮಿಸ್. ತರಗತಿಯಲ್ಲಿ ಯಾವುದಾದರೂ ಹಾಡು ಹಾಕಬೇಕೆಂದರೆ ಮೊದಲು ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಯಾರ ಬಳಿಯೂ ಮೊಬೈಲ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಪಲ್ಲವಿ ಮುಗಿಯುವಷ್ಟರಲ್ಲಿ ಬೆವೆತುಹೋಗಿ, ಪ್ಲೇಯರ್ ನಿಲ್ಲಿಸಿ, ಉಳಿದದ್ದನ್ನು ತಾವೇ ಹಾಡಿಬಿಡುತ್ತಾರೆ. "ಪಾಠಕ್ಕೆ ಹಾಕಿದ್ರೆ ತಪ್ಪೇನಿಲ್ಲಮ್ಮ, ಕಾಪಿರೈಟ್ ಕಾನೂನೇ ಬಿಟ್ಟಿದೆ," ಎಂದು ಹೆಡ್‌ಮಾಸ್ಟರು ಹೇಳಿ ಹೇಳಿ ಸೋತಿದ್ದಾರೆ. "ಪಾಠಕ್ಕೆ ಸರಿ ಸಾರ್, ಹಾಡು ಕಿಟಕಿಯಾಚೆ ಹೋದ್ರೆ?" ಎನ್ನುತ್ತಾರೆ ಮಿಸ್. ವಾರ್ಷಿಕೋತ್ಸವ ಬಂತೆಂದರೆ ಕುಣಿತದ ಒಂದೊಂದು ಹಾಡಿಗೂ ಅದರ ಕಂಪನಿಗೆ ಪತ್ರ ಬರೆಯುತ್ತಾರೆ. ಉತ್ತರ ಬರುವವರೆಗೆ ಆ ಹಾಡಿನ ಅಭ್ಯಾಸ ಶುರು ಮಾಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಗಣಿತ ಹೇಳುವ ನಾನು ಇದನ್ನೆಲ್ಲ ನೋಡಿ ನಗುತ್ತಿದ್ದೆ. ಮೊನ್ನೆ ಅವರ ಬೀರುವಿನಲ್ಲಿ ಸೀಮೆಸುಣ್ಣ ಹುಡುಕುವಾಗ ಹಳೆಯ ಕ್ಯಾಸೆಟ್ಟೊಂದು ಸಿಕ್ಕಿತು. ಅದರ ಮೇಲೆ ಎರಡು ಜಡೆಯ ಹುಡುಗಿಯ ಚಿತ್ರ; ಮೂಗು, ಗಲ್ಲ ಎಲ್ಲ ಮಿಸ್ಸಿನದೇ. "ಇದು ನೀವಲ್ವಾ? ಮಕ್ಕಳಿಗೆ ಕೇಳಿಸಬಹುದಲ್ಲ," ಎಂದೆ. ಮಿಸ್ ಅದನ್ನು ಅಂಗೈಯಿಂದ ಒರೆಸಿ ಒಳಗಿಟ್ಟರು. "ಹತ್ತೊಂಬತ್ತರ ವಯಸ್ಸು. ಕಂಪನಿಯ ಕರಾರು ಓದದೇ ಸಹಿ ಹಾಕ್ಬಿಟ್ಟೆ. ದನಿ ನಂದು, ಹಾಡು ಕಂಪನಿದು. ಅದನ್ನ ಹಾಡೋಕೆ ಪರ್ಮಿಷನ್ ಕೇಳಿ ಒಂಬತ್ತು ಪತ್ರ ಬರೆದೆ, ಒಂದಕ್ಕೂ ಉತ್ತರ ಇಲ್ಲ," ಎಂದರು. ಆಮೇಲೆ ಮೆಲ್ಲಗೆ, "ಮನೇಲಿ ಅದನ್ನ ಗುನುಗಬೇಕಾದ್ರೂ ಕಿಟಕಿ ಮುಚ್ಕೋತೀನಿ."