ಟೀ ಶರ್ಟಿನ ಮೇಲಿನ ಕುರಿಯ ಕಿವಿ

ಇದು ಮೂರು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮೇಲೆ ನಡೆದದ್ದು. ಮಡಕಶಿರಾದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ನಾನು ಟೀ ಶರ್ಟುಗಳಿಗೆ ಗ್ರಾಫಿಕ್ ಡಿಸೈನ್ ಮಾಡುತ್ತಿದ್ದೆ. ಈಗಲೂ ಅದೇ ಕೋಣೆ, ಅದೇ ಕೆಲಸ. ಅದಕ್ಕೂ ಮೊದಲು ಲಗ್ನಪತ್ರಿಕೆ, ಫ್ಲೆಕ್ಸು, ಅಂಗಡಿ ಬೋರ್ಡು ಎಂದು ಸಿಕ್ಕಿದ್ದನ್ನೆಲ್ಲ ಮಾಡಿದವಳು. ನನ್ನ ಕಣ್ಣು ಚುರುಕು, ಬಾಯಿ ಇನ್ನೂ ಚುರುಕು ಎಂದು ನನ್ನ ಗಂಡ ಹೇಳುತ್ತಾರೆ. ಸುಳ್ಳೇನಲ್ಲ.

ನಮ್ಮ ವ್ಯವಹಾರಕ್ಕೆ ಪ್ರಿಂಟ್ ಆನ್ ಡಿಮಾಂಡ್ ಎನ್ನುತ್ತಾರೆ. ಮೊದಲೇ ಅಂಗಿಗಳನ್ನು ಪ್ರಿಂಟ್ ಮಾಡಿ ರಾಶಿ ಹಾಕಿಕೊಳ್ಳುವುದಿಲ್ಲ. ಗಿರಾಕಿ ಒಂದು ಕೇಳಿದರೆ ಒಂದು, ಹತ್ತು ಕೇಳಿದರೆ ಹತ್ತು. ಚಿತ್ರ ಮಾತ್ರ ನನ್ನದು. ಬಟ್ಟೆ, ಪ್ರಿಂಟು, ಪಾರ್ಸಲ್ಲು ಎಲ್ಲವೂ ದೂರದ ನಗರದ ಒಂದು ಸರ್ವೀಸಿನದು. ಅವರು ಅಲ್ಲಿಂದ ನೇರವಾಗಿ ಗಿರಾಕಿಯ ಮನೆಗೆ ಕಳಿಸಿಬಿಡುತ್ತಾರೆ. ಬಂಡವಾಳ ಬೇಡ, ಗೋದಾಮು ಬೇಡ, ಬಹಳ ಅನುಕೂಲ. ಆದರೆ ನನ್ನ ಹೆಸರಿನಲ್ಲಿ ಹೋಗುವ ಅಂಗಿಯನ್ನು ಆಗ ನಾನು ಕಣ್ಣಿಂದ ನೋಡುತ್ತಲೇ ಇರಲಿಲ್ಲ.

ಗುಮ್ಮಘಟ್ಟದ ತಿಪ್ಪೇಸ್ವಾಮಿ ಎಂಬ ಕುರಿ ಸಾಕುವವನು ನಾಲ್ಕು ಟೀ ಶರ್ಟ್ ಕೇಳಿದ. ತನಗೆರಡು, ತಮ್ಮನಿಗೆರಡು. ಸಂತೆಯ ಗದ್ದಲದಲ್ಲಿ ಕೊಳ್ಳುವವರಿಗೆ ಇವರ ಗುರುತು ಸಿಗಬೇಕಂತೆ. ಅಕ್ಷರ ಬೇಡ, ಎದೆಯ ಮೇಲೆ ತಮ್ಮ ಟಗರಿನ ಮುಖ ಇದ್ದರೆ ಸಾಕು ಎಂದು ಫೋಟೋ ಕಳಿಸಿದ. ದಿಟ್ಟಿಸಿ ನೋಡುತ್ತಿರುವ ಒಳ್ಳೇ ಟಗರು, ಬಲಗಿವಿಯ ತುದಿಯಲ್ಲಿ ಒಂದು ಕಚ್ಚು. ಅಭ್ಯಾಸದಂತೆ ಮೊದಲು ಆಚೆ ಕಾಣುವ ತೆಳು ಟ್ರೇಸಿಂಗ್ ಪೇಪರಿನ ಮೇಲೆ ಪೆನ್ಸಿಲಿನಲ್ಲಿ ಬರೆದು ಆಮೇಲೆ ಕಂಪ್ಯೂಟರಿಗೆ ಏರಿಸಿದೆ. ಚಿತ್ರ ನೋಡಿ ಅವನು ಕುಣಿದಾಡಿಬಿಟ್ಟ.

ಅಂಗಿ ತಲುಪಿ ಕೆಲವು ವಾರಗಳಾದ ಮೇಲೆ ಫೋನ್ ಬಂತು.

“ಮೇಡಂ, ಅಂಗಿ ಮ್ಯಾಲಿರೋ ಕುರಿ ನಮ್ದಲ್ರಿ.”

ನನಗೆ ರೇಗಿತು. “ನೀನು ಕಳಿಸಿದ್ ಫೋಟೋ ನೋಡ್ಕೊಂಡೇ ಬರ್ದಿರೋದು ಕಣಪ್ಪ. ಏನಾಯ್ತು? ಬಣ್ಣ ಬಿಡ್ತಾ?”

“ಬಣ್ಣ ಭಾರಿ ಐತ್ರಿ. ಕಲ್ಲಿಗೆ ಕುಕ್ಕಿ ಒಗದ್ರೂ ಏನೂ ಆಗಿಲ್ಲ. ಆದ್ರ ಅದು ಹನುಮಂತಣ್ಣನ ಕುರಿ ಆಗೇತ್ರಿ.”

ಅಂಗಿಯ ಫೋಟೋ ತರಿಸಿಕೊಂಡು ನೋಡಿದೆ. ಕಚ್ಚು ಎಡಗಿವಿಯಲ್ಲಿತ್ತು. ಇಡೀ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿತ್ತು. ನನ್ನ ಫೈಲ್ ತೆಗೆದು ನೋಡಿದರೆ ಅದರಲ್ಲಿ ಸರಿಯಾಗಿಯೇ ಇತ್ತು.

ಹನುಮಂತಪ್ಪ ತಿಪ್ಪೇಸ್ವಾಮಿಯ ದೊಡ್ಡಪ್ಪನ ಮಗ. ಅಜ್ಜನ ಕಾಲದಲ್ಲಿ ಮಂದೆ ಪಾಲಾದಾಗ, ಇವರು ಕುರಿಯ ಬಲಗಿವಿಗೆ ಕಚ್ಚು ಹಾಕುವುದು, ಅವರು ಎಡಗಿವಿಗೆ ಹಾಕುವುದು ಎಂದು ಮಾತಾಗಿತ್ತು. ಮಂದೆ ಎಷ್ಟೇ ಕಲೆತರೂ ಕಿವಿ ನೋಡಿ ಬೇರೆ ಮಾಡಬಹುದು. ಈಗ ತಿಪ್ಪೇಸ್ವಾಮಿ ಎಡಗಿವಿಯ ಕುರಿಯನ್ನು ಎದೆಯ ಮೇಲೆ ಹಾಕಿಕೊಂಡು ಸಂತೆಯಲ್ಲಿ ನಿಂತಿದ್ದಾನೆ. “ಏನಪ್ಪಾ, ನಿನ್ನ ಮಂದೆ ತಮ್ಮನ ಪಾಲಾಯ್ತಾ?” ಎಂದು ಯಾರೋ ಹನುಮಂತಪ್ಪನವರನ್ನು ಕೆಣಕಿದ್ದಾರೆ. ಅವತ್ತಿನಿಂದ ಮಾತು ಬಂದ್.

ಬರೀ ಮಾತು ನಿಂತಿದ್ದರೆ ಹೇಗೋ ಆಗುತ್ತಿತ್ತು. ಪ್ರತಿವರ್ಷ ಈ ಎರಡು ಮನೆಯವರು ಮಂದೆ ಕೂಡಿಸಿಕೊಂಡು ಬಳ್ಳಾರಿ ಕಡೆಯ ಕಾಲುವೆ ಸೀಮೆಗೆ ಮೇವಿಗೆ ಹೋಗುತ್ತಾರೆ. ಮೇಯಿಸಲು, ಕಾಯಲು, ಅಡುಗೆ ಮಾಡಲು ಒಂದು ಮನೆಯ ಜನ ಸಾಲುವುದಿಲ್ಲ. ಈ ಸಲ ನಿಮ್ಮ ದಾರಿ ನಿಮಗೆ ಎಂದು ಹನುಮಂತಪ್ಪ ಹೇಳಿಕಳಿಸಿದ್ದರು. ಅವರ ಜೊತೆಯಿಲ್ಲದೆ ತಿಪ್ಪೇಸ್ವಾಮಿ ಹೊರಡುವ ಹಾಗಿಲ್ಲ. ಹೊರಡದಿದ್ದರೆ ಮೇವಿಲ್ಲದೆ ಅರ್ಧ ಮಂದೆ ಮಾರಬೇಕು.

ಸರ್ವೀಸಿನವರಿಗೆ ಫೋನ್ ಮಾಡಿದೆ. ಕಸ್ಟಮರ್ ಕೇರಿನ ಹುಡುಗಿ ಬಹಳ ನಯವಾಗಿ ಹೇಳಿದಳು: “ಮ್ಯಾಮ್, ಬಟ್ಟೆಯ ಜಿಎಸ್‌ಎಂ ಸರಿಯಾಗಿದೆ, ಪ್ರಿಂಟ್ ಶಾರ್ಪ್ ಆಗಿದೆ. ಡಿಸೈನ್‌ನಲ್ಲಿ ಟೆಕ್ಸ್ಟ್ ಇಲ್ಲ. ಕುರಿ ಯಾವ ಕಡೆಯಿಂದ ಆದ್ರೂ ಕುರಿನೇ ಅಲ್ವಾ?”

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ. ಅದು ಸರಿಯಾಗಿಯೇ ಇತ್ತು, ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಈ ಬಗೆಯ ಪ್ರಿಂಟನ್ನು ಮೊದಲು ಪ್ಲಾಸ್ಟಿಕ್ ಫಿಲ್ಮಿನ ಮೇಲೆ ತಿರುವುಮುರುವಾಗಿ ತೆಗೆದು, ಆಮೇಲೆ ಬಿಸಿ ಒತ್ತಿ ಬಟ್ಟೆಗೆ ಅಂಟಿಸುತ್ತಾರೆ. ಯಾರೋ ತಿರುವುವುದನ್ನು ಮರೆತಿದ್ದರು. ಅಕ್ಷರವಿದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಕುರಿಯ ಕಿವಿ ಯಾರ ಕಣ್ಣಿಗೂ ಬೀಳಲಿಲ್ಲ. “ನಿನ್ ಎಡಗೈ ಬಲಗೈ ಎರಡೂ ಒಂದೇನಾ ತಾಯಿ?” ಎಂದು ಕೇಳಿ ಫೋನ್ ಇಟ್ಟೆ.

ಮರುದಿನ ಟ್ರೇಸಿಂಗ್ ಪೇಪರ್ ಸುತ್ತಿಕೊಂಡು ಬಸ್ ಹತ್ತಿದೆ. ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿ ರಾಯದುರ್ಗ, ಅಲ್ಲಿಂದ ಶೇರ್ ಆಟೋದಲ್ಲಿ ಗುಮ್ಮಘಟ್ಟ. ತಿಪ್ಪೇಸ್ವಾಮಿ ನನ್ನನ್ನು ಹನುಮಂತಪ್ಪನವರ ಮನೆಗೆ ಕರೆದುಕೊಂಡು ಹೋದ, ತಾನು ಮಾತ್ರ ಅಂಗಳದಲ್ಲೇ ನಿಂತ. ಹನುಮಂತಪ್ಪ ನನ್ನನ್ನು “ಬರ್ರಿ, ಕುಂದರ್ರಿ” ಎಂದು ಕರೆದು ನೀರು ಕೊಡಿಸಿದರು. ಅವನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಪೇಪರನ್ನು ಬೆಳಕಿಗೆ ಹಿಡಿದೆ. “ನಾನು ಬರ್ದಿದ್ದು ಇದು. ಕಚ್ಚು ಯಾವ ಕಿವಿಗೈತೆ ನೋಡಿ.”

“ಬಲಗಿವಿ. ಅವರದು.”

ಪೇಪರನ್ನು ಹಿಂದುಮುಂದು ತಿರುಗಿಸಿದೆ. “ಈಗ?”

ಸ್ವಲ್ಪ ಹೊತ್ತು ನೋಡಿದರು. “ಎಡ. ನಮ್ದು.”

“ಮಿಷನ್‌ನೋರು ಹಿಂಗೆ ತಿರುವಿ ಹಾಕ್ಬಿಟ್ಟವ್ರೆ. ಇವನು ಮಾಡಿದ್ದಲ್ಲ.”

ಕೆಲಸ ಮುಗಿಯಿತು ಅಂದುಕೊಂಡೆ. ಎಲ್ಲಿ ಬಂತು!

“ಅದನ್ನ ಒಪ್ತೀನಿ ತಂಗೆಮ್ಮ,” ಎಂದರು ಹನುಮಂತಪ್ಪ. “ಮೈಮ್ಯಾಲೆ ಹಾಕ್ಕೊಳ್ಳುವಾಗ ಇವನ ಕಣ್ಣು ಎಲ್ಲಿಗೆ ಹೋಗಿದ್ವು? ಅಷ್ಟು ದೂರದಾಗ ಕುರಿ ನಿಂತಿದ್ರೂ ಕಿವಿ ನೋಡಿ ಯಾರದು ಅಂತ ಹೇಳೋನು. ಇದು ಯಾಕ ಕಾಣಲಿಲ್ಲ?”

ಅಂಗಳದಿಂದ ತಿಪ್ಪೇಸ್ವಾಮಿಯೇ ಮಾತಾಡಿದ.

“ಅಣ್ಣಾ, ಕುರಿ ಅಂತ ನೋಡ್ಲಿಲ್ಲೋ, ಚಿತ್ರ ಅಂತ ನೋಡಿದೆ. ಬಟ್ಟೆ ಮುಟ್ಟಿ ನೋಡಿದೆ, ಬಣ್ಣ ನೋಡಿದೆ. ಕಿವಿ ನೋಡ್ಲೇ ಇಲ್ಲ. ನಿನ್ನ ಮರಿ ನನ್ನ ಹಟ್ಟಿಗೆ ಬಂದ್ರ ಹೊತ್ಕೊಂಡು ಬಂದು ಬಿಟ್ಟು ಹೋಗೀನಿ. ಅಂಗಿ ಮ್ಯಾಲಿಂದು ಕದೀತೀನೇನಣ್ಣ ನಾನು?”

ಹನುಮಂತಪ್ಪ ತಲೆಯೆತ್ತದೆ, “ಆ ಅಂಗಿ ಎಲ್ಲಾ ತಗಂಬಾ” ಎಂದರು.

ತಿಪ್ಪೇಸ್ವಾಮಿ ನಾಲ್ಕೂ ಅಂಗಿ ತಂದು ಮುಂದಿಟ್ಟ. ಸುಟ್ಟುಹಾಕುತ್ತಾರೆ ಎಂದೇ ನಾನು ತಿಳಿದಿದ್ದೆ. ಅವರು ಒಂದನ್ನು ತೆಗೆದು ತಮ್ಮ ಅಂಗಿಯ ಮೇಲೇ ತೊಟ್ಟುಕೊಂಡರು. ಹೊಟ್ಟೆಯ ಹತ್ತಿರ ಬಿಗಿಯಾಯಿತು. ಕೈಯಿಂದ ಎಳೆದು ಸರಿಮಾಡಿಕೊಂಡು ತಿಪ್ಪೇಸ್ವಾಮಿಯತ್ತ ತಿರುಗಿದರು.

“ನಮ್ಮ ಕಿವೀದು ನಮ್ಮನಿಯಾಗಿರ್ಲಿ. ನಿನ್ನ ಕಿವೀದು ನೀನು ಮಾಡಿಸ್ಕ್ಯಾ. ಶುಕ್ರವಾರ ಮಂದೆ ಹೊರಡಸ್ತೀನಿ. ತಡ ಮಾಡಿದ್ರ ಬಿಟ್ಟೇ ಹೋಗ್ತೀನಿ ನೋಡು.”

ಸಂಜೆ ರಾಯದುರ್ಗದಲ್ಲಿ ಒಂದು ಪ್ರಿಂಟಿಂಗ್ ಅಂಗಡಿ ಹಿಡಿದು, ಮಿಷನ್ ಪಕ್ಕದಲ್ಲೇ ನಿಂತು ಬಲಗಿವಿಯ ಟಗರಿನ ನಾಲ್ಕು ಅಂಗಿ ಹಾಕಿಸಿದೆ. ನಾನು ಬರೆದ ಚಿತ್ರ ಬಟ್ಟೆಯ ಮೇಲೆ ಮೂಡುವುದನ್ನು ಅದೇ ಮೊದಲ ಸಲ ಕಣ್ಣಾರೆ ಕಂಡದ್ದು. ಶುಕ್ರವಾರ ಎರಡೂ ಮಂದೆ ಕೂಡಿ ಹೊರಟವು.

ಕ್ವಾಲಿಟಿ ಎಂದರೆ ಬಟ್ಟೆಯ ತೂಕ, ಬಣ್ಣದ ಗಟ್ಟಿತನ, ಒಗೆದರೆ ತಾಳುವುದು ಎಂದೇ ನಾನೂ ನಂಬಿದ್ದೆ. ಆ ಅಂಗಿಗಳು ಇವೆಲ್ಲದರಲ್ಲೂ ಪಾಸಾಗಿದ್ದವು. ಈಗ ಯಾವ ಆರ್ಡರ್ ಬಂದರೂ ಮೊದಲ ಅಂಗಿ ನನ್ನ ಮನೆಗೆ ಬರಬೇಕು. ಅದಕ್ಕೂ ಮುಂಚೆ ಗಿರಾಕಿಯನ್ನು ಕೂರಿಸಿಕೊಂಡು, ಇದರಲ್ಲಿ ಏನು ತಪ್ಪಾದರೆ ಇದು ನಿಮ್ಮದಲ್ಲ ಅನ್ನಿಸುತ್ತದೆ ಎಂದು ಕೇಳುತ್ತೇನೆ. ಬಹಳ ಜನ ನಗುತ್ತಾರೆ, ಇದೆಂಥ ಪ್ರಶ್ನೆ ಮೇಡಂ ಎನ್ನುತ್ತಾರೆ. ಆಮೇಲೆ ಕಂಪ್ಯೂಟರಿನ ಹತ್ತಿರ ಬಗ್ಗಿ, ಚಿತ್ರದ ಒಂದು ಜಾಗಕ್ಕೆ ಬೆರಳಿಡುತ್ತಾರೆ. ಅಂಗಿ ಬಂದಾಗ ನಾನು ಮೊದಲು ನೋಡುವುದು ಅಲ್ಲೇ.